ಏಳು ಮಕ್ಕಳ ಗೆಣಸಿನ ಕಂಪನಿ

ಅದು ಶುರುವಾದದ್ದು ನವೆಂಬರಿನಲ್ಲಿ, ಭೂಮಿಯ ದಕ್ಷಿಣದ ಆ ನಾಡಿನಲ್ಲಿ ಬೇಸಿಗೆ ಇನ್ನೇನು ಕಾಲಿಡಬೇಕು ಅನ್ನುವಾಗ, ಹೊಳೆಯ ಮೇಲಿನ ಮಂಜು ಇನ್ನೂ ಏಳದ ಮುಂಜಾವಿನ ಹೊತ್ತಿನಲ್ಲಿ. ಹೈಮೊನಾ ಹಿತ್ತಿಲಲ್ಲಿ ಕೂತು ಗೆಣಸಿನ ಕುಡಿಗಳನ್ನು ಮಡಿಯಿಂದ ಬಿಡಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದ. ಹೈಸ್ಕೂಲಿನ ಹೊಸ ಟೀಚರ್ ರಿಪೆಕಾ ಬೇಲಿಯ ಹತ್ತಿರ ಬಂದು ನಿಂತಳು. ಕರೆಯುವವರೆಗೆ ಒಳಗೆ ಕಾಲಿಡಲಿಲ್ಲ. ಅವಳ ಅಜ್ಜಿ ಇದೇ ಕಣಿವೆಯವಳು. ಹುಡುಗಿ ಪಟ್ಟಣದಲ್ಲಿ ಬೆಳೆದರೂ ಬೇಲಿಯ ಮರ್ಯಾದೆ ಮರೆತಿಲ್ಲ ಎಂದುಕೊಂಡ ಹೈಮೊನಾ.

"ಬಾ ಮಗಳೇ. ಟೀ ಇದೆ. ಬೇಕು ಅಂದ್ರೆ ತಣ್ಣಗಿರೋದು, ಬೇಡ ಅಂದ್ರೆ ಇನ್ನೂ ತಣ್ಣಗಿರೋದು."

ಅವಳು ನಕ್ಕು ಮೆಟ್ಟಿಲ ಮೇಲೆ ಕೂತಳು. "ಕೊರೊ," ಅಂದಳು. ಅಜ್ಜಂದಿರನ್ನು ಅಲ್ಲಿ ಹಾಗೆಯೇ ಕರೆಯುವುದು. "ನನ್ನ ಕ್ಲಾಸಿನ ಮಕ್ಕಳಿಗೆ ಗೆಣಸು ಬೆಳೆಯೋದು ಕಲಿಸ್ತೀರಾ?"

"ನೀನು ಹೇಳಿಕೊಡೋದು ವ್ಯಾಪಾರದ ಪಾಠ ಅಂತ ಕೇಳಿದ್ದೆ."

"ಅದೇ ಪಾಠಕ್ಕೇ ಕೊರೊ. ಪುಸ್ತಕದಲ್ಲಿ ಯಾವನೋ ಒಬ್ಬ ಛತ್ರಿ ಫ್ಯಾಕ್ಟರಿ ಇಟ್ಟಿರ್ತಾನೆ. ನಮ್ ಮಕ್ಕಳಿಗೆ ಅವನ ಛತ್ರೀನೂ ಬೇಡ, ಅವನ ಮಳೇನೂ ಬೇಡ. ಅವರೇ ಒಂದು ಕಂಪನಿ ಮಾಡ್ಲಿ, ಅವರೇ ನಡೆಸ್ಲಿ. ಈಗ ಪಾಠದಲ್ಲಿ ನಮ್ಮ ಮಾತುಗಳನ್ನೂ ಸೇರಿಸಿದ್ದಾರೆ. ನೆಲ ಕಾಯೋದು ಅಂದ್ರೇನು, ಮನಾಕಿ ಅಂದ್ರೇನು, ಅದನ್ನ ಬಿಡದೆ ವ್ಯಾಪಾರ ಹೇಗೆ ಮಾಡಿದ್ರಿ ಅಂತ ಪರೀಕ್ಷೇಲಿ ಕೇಳ್ತಾರೆ."

ಹೈಮೊನಾ ಕುಡಿಯನ್ನು ಕೈಯಲ್ಲೇ ಹಿಡಿದು ತಲೆ ಎತ್ತಿದ. "ಮನಾಕಿ ಪರೀಕ್ಷೇಲಿ ಬರುತ್ತಾ? ಬಂದೋರಿಗೆ ಉಣ್ಣಿಸಿ, ಹಾಸಿ ಮಲಗಿಸೋದಕ್ಕೆ ಮಾರ್ಕು ಕೊಡ್ತಾರಾ?"

"ಕೊಡ್ತಾರೆ."

"ಹಂಗಾದ್ರೆ ನಮ್ಮ ತೈನಾ ಇಷ್ಟೊತ್ತಿಗೆ ಪ್ರೊಫೆಸರ್ ಆಗ್ಬೇಕಿತ್ತಲ್ಲೇ." ತೈನಾ ಕುಲದ ಸಭಾಮನೆಯ ಅಡುಗೆಕೋಣೆಯನ್ನು ಆಳುವವಳು. ಸಭಾಮನೆ, ಅದರ ಮುಂದಿನ ಅಂಗಳ, ಹಿಂದಿನ ಊಟದ ಮನೆ, ಎಲ್ಲ ಸೇರಿ ಮರಾಯೆ. ಅಲ್ಲಿ ಅವಳ ಸೌಟಿಗೆ ಎದುರಾಡುವವರಿಲ್ಲ.

ನಗು ಮುಗಿದ ಮೇಲೆ ರಿಪೆಕಾ ನಿಜ ಹೇಳಿದಳು. ಶಾಲೆ ಚಿಕ್ಕದು, ಈ ಪಾಠ ತೆಗೆದುಕೊಂಡವರು ಏಳೇ ಮಕ್ಕಳು. ಆಡಳಿತದವರು ಒಂದು ವರ್ಷ ನೋಡುತ್ತೇವೆ ಎಂದಿದ್ದಾರೆ. ಮಕ್ಕಳ ಕಂಪನಿ ಬಿತ್ತುವುದರಿಂದ ಹಿಡಿದು ಗಿರಾಕಿಯ ಕೈಗೆ ಸೇರುವವರೆಗೆ ಸರಿಯಾಗಿ ನಡೆದರೆ ಪಾಠ ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ಇಲ್ಲದಿದ್ದರೆ ಎರಡೂ ಇಲ್ಲ.

ಹೈಮೊನಾ ಬೇರೆ ಮಾತು ಕೇಳಲಿಲ್ಲ. ಆ ಏಳು ಮಕ್ಕಳಲ್ಲಿ ಒಬ್ಬಳು ಪಾರೆಹುಯಾ, ಅವನ ಮೊಮ್ಮಗಳು. ಮೊದಲ ಮೊಮ್ಮಗು ಅಜ್ಜ ಅಜ್ಜಿಯ ಪಾಲು ಅನ್ನುವುದು ಹಳೆಯ ಪದ್ಧತಿ. ಹಾಗಾಗಿ ಮೊಲೆಹಾಲು ಬಿಟ್ಟ ವಾರದಿಂದ ಅವಳು ಅವನ ಮನೆಯಲ್ಲೇ ಬೆಳೆದವಳು. ಅಜ್ಜಿ ತೀರಿಕೊಂಡ ಮೇಲೆ ಇಬ್ಬರೇ. ಹಿಂದಿನ ವರ್ಷ ಅವಳು ಬಸ್ಸು ಹತ್ತಿದಂತೆ ಮಾಡಿ ಹೊಳೆದಂಡೆಯಲ್ಲಿ ದಿನ ಕಳೆದು ಬರುತ್ತಿದ್ದಳು. ಹಣ್ಣಿನ ಪ್ಯಾಕಿಂಗ್ ಶೆಡ್ಡಿಗೆ ಸೇರುತ್ತೇನೆ, ಓದು ಸಾಕು ಎನ್ನುತ್ತಿದ್ದಳು. ಈ ಟೀಚರ್ ಬಂದ ಮೇಲೆ ತಾನೇ ಎದ್ದು ಬೂಟು ಒರೆಸಿಕೊಳ್ಳುತ್ತಿದ್ದಳು. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟ ಹೈಮೊನಾನಿಗೆ ಆ ಬೂಟಿನ ಸದ್ದು ಕೇಳುವುದೇ ಒಂದು ಸುಖ. ರಿಪೆಕಾ ಹೋದರೆ ಆ ಸದ್ದೂ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಹೊಳೆದಂಡೆ ಬೇಡ. ಮೇಲಿನ ದಿಬ್ಬದಲ್ಲಿ ನೆಡೋಣ," ಅಂದ.

ಮಕ್ಕಳು ದಿಬ್ಬ ನೋಡಿ ಗೊಣಗಿದರು. ನೀರು ಹೊರಬೇಕು, ಮಣ್ಣು ಗಟ್ಟಿ. ಅವರಲ್ಲಿ ಬಾಯಿಬಡುಕ ರಾನಿಯೆರಾ, "ಕೊರೊ, ನಮ್ಮದು ಗೆಣಸಿನ ಕಂಪನಿಯೋ, ಕತ್ತೆ ಕಂಪನಿಯೋ?" ಅಂದ.

"ಕತ್ತೆ ಇಷ್ಟು ಮಾತಾಡಲ್ಲಪ್ಪ, ಹೊರು," ಅಂದ ಹೈಮೊನಾ.

ಗುಡ್ಡೆ ಮಾಡಿ, ಕುಡಿಯ ತಲೆ ಮೂಡಲಿಗೆ ಬಾಗಿಸಿ ನೆಟ್ಟರು. ಫೆಬ್ರವರಿಯಲ್ಲಿ ಹೊಳೆ ಉಕ್ಕಿ ಬಂತು. ದಂಡೆಯ ತೋಟಗಳೆಲ್ಲ ಕೆಸರಿನಡಿ ಹೋದವು. ತೈನಾಳ ಗೆಣಸು, ಮರಾಯೆಯ ಗೆಣಸು, ಒಂದೂ ಉಳಿಯಲಿಲ್ಲ. ಕಣಿವೆಯಲ್ಲಿ ಉಳಿದದ್ದು ದಿಬ್ಬದ ಮೇಲಿನ ಮಕ್ಕಳ ತೋಟ ಒಂದೇ. ಮಾರ್ಚ್ ಕೊನೆಗೆ ಕಿತ್ತಾಗ ಬಂದದ್ದು ಕಪ್ಪುಗೆಂಪು ಸಿಪ್ಪೆಯ ಹಳೆಯ ತಳಿ, ಬೆರಳುದ್ದದ್ದು, ಒಳಗೆ ಬೆಣ್ಣೆಯ ಬಣ್ಣ. ಮೊದಲು ಕಿತ್ತದ್ದನ್ನು ಬೆಳೆಯ ದೇವರು ರೊಂಗೊನಿಗೆ ಎತ್ತಿಟ್ಟರು. ಬೀಜದ್ದನ್ನು ಹೈಮೊನಾ ಬೇರೆ ಮಾಡಿಕೊಂಡ. ಉಳಿದದ್ದನ್ನು, ಎಳೆಗೂಸಿಗೆ ಸ್ನಾನ ಮಾಡಿಸುವವರ ಹಾಗೆ ಒಂದೊಂದನ್ನೇ ಹಿಡಿದು, ನೆಲದ ಕಣಜದಲ್ಲಿ ಒಣ ಸೊಪ್ಪು ಹಾಸಿ ಇಟ್ಟರು.

ಪಾರೆಹುಯಾಳನ್ನು ಮಕ್ಕಳು ಕಂಪನಿಯ ಯಜಮಾನಿ ಮಾಡಿದ್ದರು. ಅವಳೇ ಆಕ್ಲೆಂಡಿನ ಒಂದು ಹೋಟೆಲಿಗೆ ಫೋನು ಮಾಡಿ, ಇನ್ನೊಂದು ಸಲ ಮಾಡಿ, ಕೊನೆಗೆ ಅಡುಗೆಯವನನ್ನೇ ಹಿಡಿದು ಒಪ್ಪಿಸಿದಳು. ಗೆಣಸೆಲ್ಲ ಜುಲೈಯಲ್ಲಿ, ಚಳಿಗಾಲದ ನಡುವೆ, ಒಂದು ಶುಕ್ರವಾರ ಅವನ ಲಾರಿಗೆ ಹೋಗಬೇಕು. ಅಲ್ಲಿಗೆ ಕಂಪನಿಯ ವರ್ಷ ಪೂರ್ತಿ. ಆ ಸಂಜೆ ಅವಳು ಊಟಕ್ಕೆ ಕೂತು, "ಕೊರೊ, ಅವನು ನನ್ನನ್ನ ಮೇಡಂ ಅಂದ," ಅಂದಳು. ಹೈಮೊನಾ ಅವಳ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದ.

ಆ ಶುಕ್ರವಾರಕ್ಕೆ ಮೊದಲಿನ ಮಂಗಳವಾರ ಕಣಿವೆಯ ಹಿರಿಯಳು ಕಾತರೈನಾ ಅಜ್ಜಿ ತೀರಿಕೊಂಡಳು.

ಕಾತರೈನಾ ಸಮುದ್ರದ ಕಡೆಯವಳು. ಹುಡುಗಿಯಾಗಿದ್ದಾಗ ಮದುವೆಯಾಗಿ ಕಣಿವೆಗೆ ಬಂದವಳು. ಆ ಮದುವೆಗೆ ಅವಳ ಜನ ಒಪ್ಪಿರಲಿಲ್ಲ. ಈಗ ಬಸ್ಸು ಮಾಡಿಕೊಂಡು ಬರುತ್ತಾರೆ, ಮೂರು ದಿನ ಹೆಣದ ಪಕ್ಕ ಕೂರುತ್ತಾರೆ, ಮತ್ತು ನಮ್ಮ ಹುಡುಗಿಯನ್ನು ನಮಗೆ ಕೊಡಿ, ನಮ್ಮ ಮಣ್ಣಿನಲ್ಲಿ ಹೂಳುತ್ತೇವೆ ಎಂದು ಅಂಗಳದಲ್ಲಿ ನಿಂತು ಕೇಳುತ್ತಾರೆ. ಕೇಳದಿದ್ದರೆ ಸತ್ತವಳಿಗೇ ಅವಮಾನ. ಕೇಳಿದಾಗ ಕೊಡದೆ ಉಳಿಸಿಕೊಳ್ಳುವುದು ಈ ಕಡೆಯವರ ಮಾನ. ಅದಕ್ಕೆ ಭಾಷಣ ಬೇಕು, ಹಾಡು ಬೇಕು, ಅದಕ್ಕಿಂತ ಹೆಚ್ಚಾಗಿ ಊಟ ಬೇಕು. ಸಮುದ್ರದವರ ಮುಂದೆ ಕಣಿವೆಯವರು ಇಡುವುದು ಗೆಣಸು. ಅಜ್ಜಂದಿರ ಕಾಲದಿಂದ ಹಾಗೇ.

"ಅಂಗಡೀಲಿ ತರಿಸೋಣ ಅಂತಾನೆ ನನ್ನ ಗಂಡ," ಅಂದಳು ತೈನಾ, ಹೈಮೊನಾನ ಅಂಗಳದಲ್ಲಿ ನಿಂತು ಕಣ್ಣೊರೆಸುತ್ತಾ. "ಅಂಗಡಿ ಗೆಣಸು! ಕಾತರೈನಾ ಪೆಟ್ಟಿಗೆಯಿಂದ ಎದ್ದು ನನ್ನ ಕಪಾಳಕ್ಕೆ ಬಾರಿಸ್ತಾಳೆ. 'ಇಷ್ಟು ವರ್ಷ ಬಾಳಿದ್ದಕ್ಕೆ ಇದಾ' ಅಂತಾಳೆ."

ಹೈಮೊನಾ ಟೋಪಿ ಹಾಕಿಕೊಂಡು ಶಾಲೆಗೆ ನಡೆದ.

ಮಕ್ಕಳು ಮೇಜುಗಳನ್ನು ಸುತ್ತ ಜೋಡಿಸಿ ಕೂತಿದ್ದರು. ಅವನು ಬಂದದ್ದು ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವನು ನಿಂತೇ ಹೇಳಿದ: ಮರಾಯೆಗೆ ಗೆಣಸು ಬೇಕು. ಕಣಿವೆಯಲ್ಲಿ ಗೆಣಸಿರುವುದು ನಿಮ್ಮ ಕಣಜದಲ್ಲಿ ಮಾತ್ರ.

ರಿಪೆಕಾ ಕಿಟಕಿಯ ಹತ್ತಿರ ನಿಂತಿದ್ದಳು. "ಕಂಪನಿ ನಿಮ್ಮದು," ಅಂದಳು ಮಕ್ಕಳಿಗೆ. "ಮಾತಾಡಿ. ಕೈ ಎತ್ತಿ ತೀರ್ಮಾನ ಮಾಡಿ. ನಾನು ಬಾಯಿ ಹಾಕಲ್ಲ."

"ಅರ್ಧ ಕೊಡೋಣ," ಅಂದಳು ಪಾರೆಹುಯಾ. ಅವಳು ಅಜ್ಜನ ಕಡೆ ನೋಡಲಿಲ್ಲ. "ಕೊಡಬಾರ್ದು ಅಂತಲ್ಲ ನಾನು ಹೇಳೋದು. ಹೋಟೆಲಿನವನಿಗೆ ಮಾತು ಕೊಟ್ಟಿದೀವಿ. ಮಾತು ಉಳಿಸ್ಕೊಳೋದೂ ಮಾನಾನೇ ಅಲ್ವಾ?"

"ಎರಡು ಬಸ್ಸು ಜನ ಕಣೇ," ಅಂದ ರಾನಿಯೆರಾ. "ನಮ್ಮ ಮಾವಂದಿರು ಬೇರೆ. ನಮ್ಮ ಮಾವಂದಿರು ಉಣ್ಣೋದು ನೋಡಿದೀಯಲ್ಲ? ಅರ್ಧ ಅಂದ್ರೆ ಅವರಿಗೆ ನಾಲಿಗೆಗೆ ಸವರೋದಕ್ಕೆ ಆಗುತ್ತೆ."

ಯಾರೋ ಕಿಸಕ್ಕನೆ ನಕ್ಕರು, ಸಾವಿನ ಮನೆಯ ನೆನಪಾಗಿ ತಲೆ ತಗ್ಗಿಸಿದರು.

ಪಾರೆಹುಯಾ ಈಗ ಅಜ್ಜನನ್ನೇ ಕೇಳಿದಳು. "ಕೊರೊ, ಎಲ್ಲ ಕೊಟ್ಟರೆ ನಮ್ಮ ಕಂಪನಿ ಗತಿ?"

ಹೈಮೊನಾ ನಿಧಾನವಾಗಿ ಹೇಳಿದ. "ಬಡಿಸೋವಾಗ ಕೈ ಹಿಡೀಬಾರ್ದು ಮಗಳೇ. ಹಿಡಿದ ಕೈ ಉಣ್ಣೋರಿಗೆ ಕಾಣುತ್ತೆ. ಕೊಟ್ಟದ್ದು ಎಲ್ಲೂ ಹೋಗಲ್ಲ. ಬರುತ್ತೆ. ಸಮುದ್ರದೋರು ಇಟ್ಕೊಂಡು ಕೂರೋ ಜನ ಅಲ್ಲ. ಅವರ ಕುಲದ್ದೇ ಪಚ್ಚಿಲೆ ಸಾಕಣೆ ಇದೆ, ತಿನ್ನೋ ಹಸಿರು ಚಿಪ್ಪಿಂದು. ನಮ್ಮ ಗೆಣಸಿಗೆ ಒಂದಕ್ಕೆರಡು ಬರುತ್ತೆ. ಅದನ್ನೇ ಮಾರಿ. ನಮ್ಮ ವ್ಯಾಪಾರ ಇದ್ದದ್ದೇ ಹಿಂಗೆ."

"ಯಾವಾಗ ಬರುತ್ತೆ ಕೊರೊ?" ಅಂದಳು ರಿಪೆಕಾ. ಬಾಯಿ ಹಾಕುವುದಿಲ್ಲ ಎಂದವಳು, ತಡೆಯಲಾರದೆ.

"ಬರುತ್ತೆ."

ಏಳು ಕೈಗಳೂ ಎದ್ದವು. ಕೊನೆಗೆ ಎದ್ದದ್ದು ಪಾರೆಹುಯಾಳದು.

ಸಮುದ್ರದವರು ಬಂದರು. ಅಂಗಳದಲ್ಲಿ ಅಳುತ್ತಾ ನಿಂತು, ಕಾತರೈನಾಳ ತಂಗಿ ಪಿರಿಹಿರಾ ಕೋಲು ನೆಲಕ್ಕೆ ಕುಟ್ಟಿ ಕೂಗಿದಳು, "ಕದ್ದು ತಂದಿರಿ ನಮ್ಮ ಅಕ್ಕನ್ನ! ಏನು ಹಾಕಿ ಸಾಕಿದಿರೋ, ನೋಡಿ ಹೆಂಗೆ ಸಣ್ಣಗಾಗಿದಾಳೆ! ಕೊಡಿ ಇತ್ತ!" ಕಣಿವೆಯವರು ಎದ್ದು ಉತ್ತರ ಹೇಳಿದರು, ಅವರು ಮತ್ತೆ ಬೈದರು, ಇವರು ಮತ್ತೆ ಹಾಡಿದರು. ಊಟದ ಮನೆಯ ಹಿಂದೆ ಬಿಸಿಕಲ್ಲಿನ ಕುಳಿಗಳಿಂದ ಹಬೆ ಏಳುತ್ತಿತ್ತು. ಮಕ್ಕಳು ಬಡಿಸಿದರು. ಕಪ್ಪುಗೆಂಪು ಗೆಣಸು ರಾಶಿ ರಾಶಿಯಾಗಿ ಮೇಜಿನುದ್ದಕ್ಕೂ ಕೂತಿತ್ತು. ಪಿರಿಹಿರಾ ಒಂದನ್ನು ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಇದನ್ನು ನಾನು ಚಿಕ್ಕವಳಾಗಿದ್ದಾಗ ತಿಂದದ್ದು ಎಂದಳು. ಬೆಳೆದವರು ಯಾರು ಎಂದು ಕೇಳಿದಾಗ ತೈನಾ ತಟ್ಟೆ ಹಿಡಿದಿದ್ದ ಪಾರೆಹುಯಾಳ ಹೆಗಲು ಹಿಡಿದು ಮುಂದೆ ತಳ್ಳಿದಳು. ಮುದುಕಿ, ಅವರ ಜನ ಗೌರವ ಕೊಡುವ ರೀತಿಯಲ್ಲಿ, ಅವಳ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿದಳು.

ಕೊನೆಯ ದಿನ ಪಿರಿಹಿರಾ ಅಂಗಳದಲ್ಲಿ ಎದ್ದು, "ಇರ್ಲಿ ಬಿಡಿ ಇಲ್ಲೇ. ಇಲ್ಲಿ ಊಟ ಚೆನ್ನಾಗಿದೆ," ಅಂದಳು. ಎಲ್ಲರೂ ಅಳುತ್ತಲೇ ನಕ್ಕರು. ಕಾತರೈನಾಳನ್ನು ಕಣಿವೆಯ ಗುಡ್ಡದಲ್ಲೇ ಹೂಳಿದರು.

ಅದು ಶುಕ್ರವಾರ. ಆಕ್ಲೆಂಡಿನ ಲಾರಿಗೆ ಬರಬೇಡಿ ಎಂದು ಪಾರೆಹುಯಾ ಮೊದಲೇ ಹೇಳಿದ್ದಳು. ಅಡುಗೆಯವನು ಬೈಯಲಿಲ್ಲ. ದುಃಖದ ಸಮಯ, ಅರ್ಥವಾಗುತ್ತದೆ ಎಂದ. ಆದರೆ ತನ್ನ ಅಡುಗೆಗೆ ಬೇರೆ ಕಡೆಯ ಗೆಣಸು ನೋಡಿಕೊಂಡ.

ಆಗಸ್ಟ್ ಕಳೆಯಿತು. ಸಮುದ್ರದ ಕಡೆಯಿಂದ ಏನೂ ಬರಲಿಲ್ಲ. ಹೊರಗಿನಿಂದ ಪರೀಕ್ಷಕರು ಬರುವುದು ಅಕ್ಟೋಬರಿನಲ್ಲಿ. ಪಾರೆಹುಯಾ ಕೇಳುತ್ತಿರಲಿಲ್ಲ. ಆದರೆ ರಸ್ತೆಯಲ್ಲಿ ಲಾರಿಯ ಸದ್ದಾದರೆ ಅವಳ ಕೈಯ ಕೆಲಸ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನೋಡಿ ನೋಡಿ ಹೈಮೊನಾ ಸೆಪ್ಟೆಂಬರಿನ ಒಂದು ಶನಿವಾರ ರಿಪೆಕಾಳ ಮನೆಗೆ ಹೋಗಿ, "ಗಾಡಿ ತೆಗಿ. ಸಮುದ್ರಕ್ಕೆ ಹೋಗೋಣ," ಅಂದ.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ಮಕ್ಕಳ ಪಾಠದ ವಿಷಯ ಎತ್ತುವುದು, ಶಾಲೆಯವರ ಮಾತು ಹೇಳುವುದು, ಒಂದಷ್ಟು ಚೀಲ ಪಚ್ಚಿಲೆ ಸಿಕ್ಕರೆ ಪೇಟೆಯ ಸಂತೆಯಲ್ಲಿ ಮಕ್ಕಳು ಮಾರಿ ಕಂಪನಿ ಪೂರ್ತಿ ಮಾಡುತ್ತಾರೆ ಎನ್ನುವುದು. ಅಷ್ಟೇ. ಸುಲಭದ ಮಾತು.

ಪಿರಿಹಿರಾ ಬಾಗಿಲಿಗೇ ಬಂದು ತಬ್ಬಿಕೊಂಡಳು. ಮೇಜಿನ ಮೇಲೆ ಬೇಯಿಸಿದ ಚಿಪ್ಪು, ಹೊಗೆಗಿಟ್ಟ ಮೀನು, ಕರಿದ ರೊಟ್ಟಿ ಬಂದವು. ಅವಳ ಮಗ ಇನ್ನೊಂದು ತಟ್ಟೆ ತಂದ. ಇವರು ಸಾಕೆಂದರೆ ಅವಳು ಹಾಕಿದಳು. ಅಕ್ಕನ ಹಳೆಯ ಕತೆ ಹೇಳಿ ಅತ್ತಳು, ಅವಳ ಹಳೆಯ ತುಂಟತನ ಹೇಳಿ ನಕ್ಕಳು.

"ನಿಮ್ಮ ಗೆಣಸು ನಾವು ಮರೆತಿಲ್ಲ ಹೈಮೊನಾ," ಅಂದಳು ಆಮೇಲೆ, ಅವನ ಮಂಡಿ ತಟ್ಟಿ. "ನಮ್ಮ ಹುಡುಗರಿಗೆಲ್ಲ ಹೇಳಿಟ್ಟಿದೀನಿ. ನೀನು ಸತ್ತಾಗ ನೋಡು, ಎಂಥ ಊಟ ತರ್ತೀವಿ! ಚಿಪ್ಪಿನ ರಾಶಿ ನಿನ್ನ ಪೆಟ್ಟಿಗೆಗಿಂತ ಎತ್ತರ ಇರುತ್ತೆ."

ರಿಪೆಕಾ ತಟ್ಟೆಯಿಂದ ತಲೆ ಎತ್ತಿದಳು. ಹೈಮೊನಾ ಬಾಯಿ ತೆರೆದ. ಅಂದದ್ದು ಇಷ್ಟೇ: "ಸ್ವಲ್ಪ ಬೇಗ ಸಾಯ್ಲಾ ಹಂಗಾದ್ರೆ?"

"ಅವಸರ ಬೇಡ. ಚಿಪ್ಪು ಇನ್ನೂ ದಪ್ಪ ಆಗ್ಲಿ," ಅಂದಳು ಪಿರಿಹಿರಾ. ಮನೆಯೆಲ್ಲ ನಗುವಾಯಿತು. ಅವನೂ ನಕ್ಕ.

ಜೋಡಿಸಿಕೊಂಡು ಬಂದ ಮಾತು ನಾಲಿಗೆಯ ಬುಡದಲ್ಲೇ ಇತ್ತು. ಆಡಿದರೆ ಪಿರಿಹಿರಾ ಆ ಗಳಿಗೆಯಲ್ಲೇ ಎದ್ದು ಮಗನನ್ನು ಕರೆದು ಲಾರಿ ತುಂಬಿಸುವವಳು. ಅದು ಅವನಿಗೆ ಚೆನ್ನಾಗಿ ಗೊತ್ತು. ತುಂಬಿಸಿದ ಮೇಲೆ, ಕಣಿವೆಯವರು ಅಕ್ಕನ ಸಾವಿನ ಊಟಕ್ಕೆ ಬೆಲೆ ಕೇಳಲು ಬಂದರು ಅನ್ನುವ ಮಾತು ಅವಳು ಆಡದಿದ್ದರೂ ಎಲ್ಲರ ಮನಸ್ಸಿನಲ್ಲಿ ಉಳಿಯುತ್ತದೆ. ಕಾತರೈನಾಳ ಮಕ್ಕಳು ಆ ಮಾತಿನ ಜೊತೆ ಬಾಳಬೇಕಾಗುತ್ತದೆ. ಅವನು ಇನ್ನೊಂದು ಚಿಪ್ಪು ಬಿಡಿಸಿದ. ಹೊಟ್ಟೆ ಬಿರಿಯುತ್ತಿತ್ತು. ಆದರೂ ತಿಂದ.

ಹೊರಡುವಾಗ ಒಂದು ಬುಟ್ಟಿ ಹೊಗೆಮೀನು ಕೊಟ್ಟರು. ಗಾಡಿಯೊಳಗೆಲ್ಲ ಮೀನಿನ ವಾಸನೆ.

"ಕೇಳಲಿಲ್ಲ ನಾನು," ಅಂದ ಹೈಮೊನಾ.

"ಮೇಜಿನಲ್ಲಿ ನಾನೂ ಕೂತಿದ್ದೆನಲ್ಲ ಕೊರೊ. ನನಗೂ ಬಾಯಿ ಇತ್ತು."

"ನೀನು ಆವತ್ತು ಯಾವಾಗ ಅಂತ ಕೇಳಿದೆ. ನಾನು ಬರುತ್ತೆ ಅಂದುಬಿಟ್ಟೆ. ನಾನು ಸತ್ತಾಗ ಬರುತ್ತೆ, ತೈನಾ ಸತ್ತಾಗ ಬರುತ್ತೆ. ಬರೋದಂತೂ ಬರುತ್ತೆ. ಅಕ್ಟೋಬರಿಗೆ ಬಾ ಅಂತ ಅದಕ್ಕೆ ಹೇಳೋದು ಹೆಂಗೆ?"

ರಿಪೆಕಾ ರಸ್ತೆಯನ್ನೇ ನೋಡುತ್ತಾ ಗಾಡಿ ಓಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈಯಿಂದ ಕೆನ್ನೆ ಒರೆಸಿಕೊಂಡಳು.

ಅಕ್ಟೋಬರಿನಲ್ಲಿ ಪರೀಕ್ಷಕಿ ಬಂದಳು. ಒಳ್ಳೆಯ ಹೆಂಗಸು. ಮಕ್ಕಳ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಮನಾಕಿಯ ಪ್ರಶ್ನೆಗೆ ಪಾರೆಹುಯಾ ಕಾತರೈನಾಳ ಸಾವಿನ ಮೂರು ದಿನಗಳನ್ನು ಬರೆದಿದ್ದಳು. ಅದಕ್ಕೆ ಪೂರ್ತಿ ಅಂಕ ಬಂತು. ಗಿರಾಕಿ ಏನೆಂದ, ಮಾರಾಟ ಹೇಗಾಯಿತು, ಮುಂದಿನ ವರ್ಷಕ್ಕೆ ಏನು ಕಲಿತಿರಿ ಎಂದು ಕೇಳಿದ ಕಡೆಗಳಲ್ಲಿ ಅವಳು ಏನೂ ಬರೆದಿರಲಿಲ್ಲ. ಯಾಕೆ ಬಿಟ್ಟೆ, ಏನಾದರೂ ಬರೆಯಬಹುದಿತ್ತಲ್ಲ ಎಂದು ಪರೀಕ್ಷಕಿ ಕೇಳಿದಾಗ, "ಮಾರಲಿಲ್ಲ ನಾವು. ಸುಳ್ಳು ಬರೀಲಾ?" ಅಂದಳಂತೆ.

ಮುಂದಿನ ವರ್ಷ ಈ ಪಾಠ ಇರುವುದಿಲ್ಲ ಎಂದು ಆಡಳಿತದವರು ಹೇಳಿದರು. ಹೆಡ್ ಮಾಸ್ತರರು ಹೈಮೊನಾನ ಮನೆಗೇ ಬಂದು, ಟೋಪಿ ಕೈಯಲ್ಲಿ ಹಿಡಿದು, ಬೇಸರದಿಂದಲೇ ಹೇಳಿ ಹೋದರು. ಅವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮತ್ತೆ ನವೆಂಬರ್ ಬಂತು. ದಿಬ್ಬದಲ್ಲಿ ನೆಡಲು ರಾನಿಯೆರಾ ಮತ್ತು ಇನ್ನೊಬ್ಬಳು ಬಂದರು. ಪಾರೆಹುಯಾ ಒಂದೇ ದಿನ ಬಂದಳು. ಅವಳ ಶಾಲೆಯ ಬೂಟು ಬಾಗಿಲ ಹಿಂದೆ ಧೂಳು ಹಿಡಿದಿತ್ತು. ಪ್ಯಾಕಿಂಗ್ ಶೆಡ್ಡಿನಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಊಟದ ಹೊತ್ತಿನಲ್ಲಿ, ಅವನಿಗಲ್ಲ ಅನ್ನುವ ಹಾಗೆ, ಹೇಳಿದಳು.

ಡಿಸೆಂಬರಿನ ಮೊದಲ ವಾರ ರಿಪೆಕಾ ಬೇಲಿಯ ಹತ್ತಿರ ಬಂದು ನಿಂತಳು. ಕರೆದ ಮೇಲೂ ಮೆಟ್ಟಿಲ ಮೇಲೆ ಕೂರಲಿಲ್ಲ. ಹ್ಯಾಮಿಲ್ಟನ್ನಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದಳು. ಅಲ್ಲಿ ಈ ಪಾಠ ಇದೆ, ಮುಂದಿನ ತರಗತಿಯೂ ಇದೆ. ಮನೆಯಲ್ಲಿ ಒಂದು ಕೋಣೆ ಹೆಚ್ಚಿದೆ. ಇಷ್ಟು ಹೇಳಿ ನಿಲ್ಲಿಸಿದಳು.

ಮಿಕ್ಕದ್ದು ಹೈಮೊನಾನಿಗೆ ಅರ್ಥವಾಯಿತು. ಒಬ್ಬರ ಮಗುವನ್ನು ಇನ್ನೊಬ್ಬರು ಕೇಳಿ ಬೆಳೆಸುವುದು ಅವನ ಜನರಲ್ಲಿ ಹೊಸದಲ್ಲ. ಪಾರೆಹುಯಾಳನ್ನು ಅವನೇ ಹಾಗೆ ಮಗಳಿಂದ ಕೇಳಿ ತಂದಿದ್ದ. ಕೊಟ್ಟ ಮಗಳು ಆವತ್ತು ಗಾಡಿಯಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದು ಅವನಿಗೆ ಈಗ ನೆನಪಾಯಿತು.

ಪಾರೆಹುಯಾ ಒಳಗಿನಿಂದ ಬಂದು ಕಂಬಕ್ಕೆ ಒರಗಿದಳು. "ನಾನು ಹೋಗಲ್ಲ ಕೊರೊ. ನಿನಗೆ ಸಾರು ಮಾಡೋದಕ್ಕೂ ಬರಲ್ಲ."

"ನಿನ್ನ ಸಾರು ತಿಂದು ಇಷ್ಟು ವರ್ಷ ಬದುಕಿದೀನಿ. ನನ್ನ ಸಾರು ನನ್ನೇನು ಮಾಡೀತು?"

"ತಮಾಷೆ ಬೇಡ. ನೀನು ಹೋಗು ಅಂದ್ರೆ ಹೋಗ್ತೀನಿ. ಇರು ಅಂದ್ರೆ ಇರ್ತೀನಿ. ನೀನೇ ಹೇಳು."

ಇರು ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಹೈಮೊನಾ ಎದ್ದು ಒಳಗೆ ಹೋದ. ಬಾಗಿಲ ಹಿಂದಿನ ಬೂಟು ತಂದು, ಮೆಟ್ಟಿಲ ಮೇಲೆ ಕೂತು, ತೋಳಿನಿಂದ ಅದರ ಧೂಳು ಒರೆಸತೊಡಗಿದ. ಒಂದನ್ನು ಒರೆಸಿ ಇನ್ನೊಂದನ್ನು ಎತ್ತಿಕೊಂಡ. ಪಾರೆಹುಯಾ ಬಂದು ಪಕ್ಕದಲ್ಲಿ ಕೂತು ಅವನ ಹೆಗಲಿಗೆ ತಲೆ ಆನಿಸಿದಳು. ಟೀಚರ್ ಬೇಲಿಯ ಆಚೆ ಹೋಗಿ, ಗಾಡಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು.

ತೈನಾ ಬೀಳ್ಕೊಡುಗೆಗೆ ಮರಾಯೆಯಲ್ಲಿ ಊಟ ಮಾಡಿಸಿದಳು. ರಾನಿಯೆರಾ ಭಾಷಣಕ್ಕೆ ಎದ್ದು, ಕಂಪನಿಯ ಯಜಮಾನಿ ಓಡಿಹೋಗುತ್ತಿದ್ದಾಳೆ, ಇನ್ನು ಮೇಲೆ ನಾನೇ ಮೇಡಂ ಎಂದು ಹೇಳಹೊರಟು, ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟ. ಅವನ ಬದಲು ಎಲ್ಲರೂ ಹಾಡಿದರು.

ಶಾಲೆ ಮುಗಿದ ಮರುದಿನ, ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ, ರಿಪೆಕಾ ಕಣಿವೆ ಬಿಟ್ಟು ಹೋದಳು. ಪಾರೆಹುಯಾ ಅವಳ ಜೊತೆ ಹೋದಳು.